ಸೋಮವಾರ ಗೇಟಿಗೆ ಬೀಗ ಹಾಕುವ ಮುಂಚೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ವಿಡಿಯೊ ನೋಡಿದೆ. ಆರನೇ ತರಗತಿಯ ಹುಡುಗರು ಬೆಂಚು ಹತ್ತಿ ಕುಣಿಯುತ್ತಿದ್ದಾರೆ, ಬೋರ್ಡಿನ ಮೂಲೆಯಲ್ಲಿ ಎರಡು ದಿನದ ಹಿಂದಿನ ತಾರೀಖು ಹಾಗೇ ಇದೆ, ಪಕ್ಕದ ಕೋಣೆಯಲ್ಲಿ ಮೇಡಂ ಮೊಬೈಲ್ ಹಿಡಿದು ಕೂತಿದ್ದಾರೆ. ಕೆಳಗೆ ನಿನ್ನ ಮೆಸೇಜು: "ಸೋಮವಾರ ಗೇಟಿಗೆ ಬೀಗ ಜಡೀತೀವಿ, ಟಿವಿಯವರಿಗೂ ಹೇಳಿದೀವಿ, ನೀನೂ ಬಾ." ನೀನು ಶಾಲೆಯ ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಸ್‌ಡಿಎಂಸಿಗೆ, ಅಧ್ಯಕ್ಷನಾಗಿ ಇನ್ನೂ ಮೂರು ತಿಂಗಳು ತುಂಬಿಲ್ಲ. ಬೆಳಗಾದರೆ ಯಾರಾದರೊಬ್ಬರು ಮನೆ ಬಾಗಿಲಿಗೆ ಬಂದು "ನೀನು ಏನ್ ಮಾಡ್ತಿದೀಯ" ಅಂತ ಕೇಳುತ್ತಿರುತ್ತಾರೆ. ಏನಾದರೂ ಮಾಡಿ ತೋರಿಸಬೇಕು ಅನ್ನಿಸುವುದು ಸಹಜ. ಆದರೂ ಬೀಗ ಬೇಡ ಕಣೋ. ಇದನ್ನು ಮೇಷ್ಟ್ರ ಪರ ವಕಾಲತ್ತು ಅಂದುಕೊಳ್ಳಬೇಡ. ಬೀಗ ಹಾಕಿದರೆ ಈಗಿರುವ ಹುದ್ದೆಗಳಿಗೂ ಕುತ್ತು ಬರುತ್ತದೆ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ, ಮೊದಲು ನಿನ್ನ ಶಾಲೆಯ ಲೆಕ್ಕ ನೋಡೋಣ.

ನೀನೇ ಬರೆದ ಅಂಕಿ ಇದು: ಒಂದರಿಂದ ಏಳನೇ ತರಗತಿ, 118 ಮಕ್ಕಳು. ಒಂದರಿಂದ ಐದರಲ್ಲಿ 81, ಆರು ಮತ್ತು ಏಳರಲ್ಲಿ 37. ಮಂಜೂರಾದ ಹುದ್ದೆ 5, ಖಾಲಿ 2, ಒಬ್ಬರು ನಿಯೋಜನೆ ಮೇಲೆ ಬೇರೆ ಕಡೆ. ಶಾಲೆಯೊಳಗೆ ಕಾಲಿಡುವವರು ಇಬ್ಬರು, ಅವರಲ್ಲಿ ಒಬ್ಬರು ಪ್ರಭಾರ ಮುಖ್ಯ ಶಿಕ್ಷಕಿ.

ನಮ್ಮ ಪ್ರಾಥಮಿಕ ಶಾಲೆಯಲ್ಲಿ ಒಂದು ತರಗತಿಗೆ ವಾರಕ್ಕೆ ಸುಮಾರು 45 ಅವಧಿ. ಐದು ದಿನ ಎಂಟೆಂಟು, ಶನಿವಾರ ಐದು. ಒಂದರಿಂದ ಮೂರನ್ನು ನಲಿ-ಕಲಿಯಲ್ಲಿ, ಅಂದರೆ ಮೂರೂ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡು ಹಿಡಿದು ಕಲಿಯುವ ಪದ್ಧತಿಯಲ್ಲಿ, ಒಂದೇ ಕೋಣೆ ಅಂತ ಹಿಡಿ. ನಾಲ್ಕು, ಐದು, ಆರು, ಏಳು ಬೇರೆ ಬೇರೆ. ಒಟ್ಟು ಐದು ಕೋಣೆ, ವಾರಕ್ಕೆ 225 ಅವಧಿ. ಇಬ್ಬರು ಶಿಕ್ಷಕರು ಒಂದು ನಿಮಿಷವೂ ಕೂರದೆ, ನೀರೂ ಕುಡಿಯದೆ ಪಾಠ ಮಾಡಿದರೆ 90 ಅವಧಿ. ಮಿಕ್ಕ 135 ಅವಧಿ ಕೋಣೆಯಲ್ಲಿ ಯಾರೂ ಇರುವುದಿಲ್ಲ. ನಿನ್ನ ವಿಡಿಯೊ ಆ 135ರಲ್ಲಿ ಒಂದು ಅವಧಿಯದು, ಅಷ್ಟೇ. ಮೇಡಂ ಮೊಬೈಲ್ ಬಿಟ್ಟು ಆರನೇ ತರಗತಿಗೆ ಬಂದಿದ್ದರೆ ನಾಲ್ಕನೇ ತರಗತಿಯ ವಿಡಿಯೊ ಬರುತ್ತಿತ್ತು.

ಈಗ ಇದನ್ನೇ ಸ್ವಲ್ಪ ತಿರುಗಿಸು. ನಾಲ್ಕು-ಐದು ಸೇರಿಸಿ ಒಂದು ಕೋಣೆ, ಆರು-ಏಳು ಸೇರಿಸಿ ಒಂದು ಕೋಣೆ, ನಲಿ-ಕಲಿ ಒಂದು. ಮೂರು ಕೋಣೆ, 135 ಅವಧಿ. ಇಬ್ಬರಿಂದ 90. ಕೊರತೆ 45, ಅಂದರೆ ಸರಿಯಾಗಿ ಒಬ್ಬ ಶಿಕ್ಷಕರು. ಒಬ್ಬರು ಬಂದರೆ ಪ್ರತಿ ಕೋಣೆಯಲ್ಲೂ ದೊಡ್ಡವರೊಬ್ಬರು ಇರುತ್ತಾರೆ. ಶಾಲೆ ಚೆನ್ನಾಗಿ ನಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ, ನಡೆಯುತ್ತದೆ ಅಷ್ಟೇ. ಸೋಮವಾರ ನೀನು ಕೇಳಬೇಕಾದದ್ದು ಆ ಒಬ್ಬರನ್ನು. "ಎಲ್ಲಾ ಹುದ್ದೆ ತುಂಬಿ" ಅಂದರೆ ತಾಲ್ಲೂಕಿನ ಶಿಕ್ಷಣಾಧಿಕಾರಿ (ಬಿಇಒ) ಸಾಹೇಬರು "ಸರ್ಕಾರಕ್ಕೆ ಬರೆದಿದ್ದೇವೆ" ಅನ್ನುತ್ತಾರೆ, ನೀವು ಟೀ ಕುಡಿದು ವಾಪಸು ಬರುತ್ತೀರಿ.

ಮೊಬೈಲ್ ವಿಚಾರಕ್ಕೆ ಬರೋಣ, ಯಾಕೆಂದರೆ ಊರಿನ ಸಿಟ್ಟೆಲ್ಲ ಅಲ್ಲೇ ನಿಂತಿದೆ. ಈಗ ಮೇಷ್ಟ್ರ ಮೊಬೈಲೇ ಶಾಲೆಯ ಆಫೀಸು. ಗುಮಾಸ್ತ ಇಲ್ಲದ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ವಿವರ ಇಡುವ ಸರ್ಕಾರಿ ತಂತ್ರಾಂಶ ಎಸ್‌ಎಟಿಎಸ್‌ಗೆ ದಾಖಲಾತಿ ಮತ್ತು ಅಂಕ ಏರಿಸುವುದು, ಶಾಲೆಗಳ ಅಂಕಿಅಂಶದ ಯುಡೈಸ್ ಪ್ಲಸ್ ತುಂಬುವುದು, ಎಸ್‌ಎಸ್‌ಪಿಯಲ್ಲಿ ವಿದ್ಯಾರ್ಥಿವೇತನದ ಅರ್ಜಿ ನೋಡುವುದು, ಪ್ರತಿ ವಿದ್ಯಾರ್ಥಿಯ ಗುರುತಿನ ಸಂಖ್ಯೆ ಅಪಾರ್ ಐಡಿ ಮಾಡುವುದು, ಊಟದ ಸಂಖ್ಯೆ ಕಳಿಸುವುದು, ಎಲ್ಲವೂ ಅದರಲ್ಲೇ. ವರ್ಷಕ್ಕೆ ನಾಲ್ಕು ಎಫ್‌ಎ (ರೂಪಣಾತ್ಮಕ), ಎರಡು ಎಸ್‌ಎ (ಸಂಕಲನಾತ್ಮಕ) ಪರೀಕ್ಷೆ, ಅದರ ಮೇಲೆ 2025ರಿಂದ ಪಾಠ ಆಧಾರಿತ ಮೌಲ್ಯಾಂಕನ. ಪಾಠ ಮುಗಿದಂತೆಲ್ಲ ಪರೀಕ್ಷೆ, ಪರೀಕ್ಷೆ ಮುಗಿದಂತೆಲ್ಲ ಅಂಕ ಏರಿಸುವ ಕೆಲಸ. ಸರ್ವರ್ ಹಗಲು ನಿಧಾನ, ಹಾಗಾಗಿ ರಾತ್ರಿ ಹತ್ತರ ಮೇಲೆ ಮನೆಯಲ್ಲಿ ಕೂತು ಮಾಡುವವರೇ ಜಾಸ್ತಿ. ಹಗಲು "ಇವತ್ತು ಮಧ್ಯಾಹ್ನ ಮೂರರೊಳಗೆ" ಅಂತ ಗುಂಪಿಗೆ ಸಂದೇಶ ಬಂದಾಗ ಮಾತ್ರ ತರಗತಿ ಬಿಟ್ಟು ಮೊಬೈಲ್ ಹಿಡಿಯಬೇಕಾಗುತ್ತದೆ. ಯಾರೂ ರೀಲ್ಸ್ ನೋಡುವುದಿಲ್ಲ ಅಂತ ನಾನು ಆಣೆ ಹಾಕುವುದಿಲ್ಲ. ಆದರೆ ಬೈಯುವ ಮುಂಚೆ ಪರದೆಯ ಮೇಲೆ ಏನಿದೆ ಅಂತ ಒಮ್ಮೆ ಕೇಳಿ ನೋಡು.

ಇದರಲ್ಲಿ ಒಂದು ಕೆಲಸ ಹತ್ತಿರದಿಂದ ತೋರಿಸುತ್ತೇನೆ, ಯಾಕೆಂದರೆ ಪೋಷಕರಿಗೂ ಮೇಷ್ಟ್ರಿಗೂ ಅತಿ ಹೆಚ್ಚು ಜಗಳ ಹತ್ತುವುದು ಇಲ್ಲೇ. ಅಪಾರ್ ಐಡಿ ಆಗಬೇಕಾದರೆ ಶಾಲೆಯ ದಾಖಲೆಯ ಹೆಸರು ಮತ್ತು ಆಧಾರ್ ಹೆಸರು ತಾಳೆಯಾಗಬೇಕು. ದಾಖಲಾತಿ ವಹಿಯಲ್ಲಿ ಲಕ್ಷ್ಮೀದೇವಿ ಒಂದೇ ಪದ, ಇಂಗ್ಲಿಷಿನಲ್ಲಿ ಕೆ, ಎಸ್, ಎಚ್ ಹಾಕಿ ಬರೆದಿರುತ್ತಾರೆ. ಆಧಾರ್ ಮಾಡಿಸಿದ ದಿನ ಕೂತಿದ್ದ ಹುಡುಗ ಎಕ್ಸ್ ಹಾಕಿ, ಲಕ್ಷ್ಮಿ ಬೇರೆ ದೇವಿ ಬೇರೆ ಮಾಡಿ, ಮುಂದೆ ಅಪ್ಪನ ಹೆಸರಿನ ಮೊದಲಕ್ಷರ ಬಿಟ್ಟಿರುತ್ತಾನೆ. ತಾಳೆಯಾಗುವುದಿಲ್ಲ. ಮೇಡಂ ತಾಯಿಗೆ ಫೋನ್ ಮಾಡಿ "ಆಧಾರ್ ಸರಿ ಮಾಡಿಸಿ" ಅನ್ನುತ್ತಾರೆ. ಆ ತಾಯಿ ಕೂಲಿ ಬಿಟ್ಟು, ಬಸ್ ಹತ್ತಿ ಹೋಬಳಿಗೆ ಹೋದರೆ ಅಲ್ಲಿ ಟೋಕನ್ ಮುಗಿದಿರುತ್ತದೆ. ಎರಡನೇ ಸಲ ಹೋದಾಗ ಜನನ ಪ್ರಮಾಣ ಪತ್ರ ಕೇಳುತ್ತಾರೆ. ಮೂರನೇ ಸಲದ ಹೊತ್ತಿಗೆ ಆ ತಾಯಿ ಶಾಲೆಯ ಗೇಟಿನಲ್ಲಿ ನಿಂತು ಕೂಗಾಡುತ್ತಾಳೆ, ಮೇಡಂ ಕೂಡ ದನಿ ಏರಿಸುತ್ತಾರೆ. ಇಬ್ಬರೂ ತಪ್ಪು ಮಾಡಿಲ್ಲ ನೋಡು.

ಇದಕ್ಕೆ ನೀನು ಮಾಡಬಹುದಾದ್ದು: ಮೊದಲು ಹೆಸರು ತಾಳೆಯಾಗದ ಮಕ್ಕಳ ಪಟ್ಟಿ ಮಾಡಿಸು. ಪಟ್ಟಿಯಲ್ಲಿ ಮೂರು ಕಾಲಂ ಇರಲಿ: ಜನನ ಪ್ರಮಾಣ ಪತ್ರದಲ್ಲಿ ಹೇಗಿದೆ, ಶಾಲೆಯ ವಹಿಯಲ್ಲಿ ಹೇಗಿದೆ, ಆಧಾರ್‌ನಲ್ಲಿ ಹೇಗಿದೆ. ಜನನ ಪತ್ರಕ್ಕೆ ಯಾವುದು ಹೊಂದುವುದಿಲ್ಲವೋ ಅದನ್ನಷ್ಟೇ ತಿದ್ದಿಸಬೇಕು. ಇದನ್ನು ನೋಡದೆ ಎಲ್ಲರನ್ನೂ ಆಧಾರ್ ಕೇಂದ್ರಕ್ಕೆ ಓಡಿಸಿದರೆ ಆಮೇಲೆ ಪೇಚಾಟ, ಯಾಕೆಂದರೆ ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಸಲ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ಪಟ್ಟಿ ಕೈಯಲ್ಲಿದ್ದರೆ ಶಾಲೆಯಲ್ಲೇ ಒಂದು ದಿನ ಆಧಾರ್ ಶಿಬಿರ ಮಾಡಿಸಿ ಅಂತ ಪಂಚಾಯಿತಿಗೆ ಅರ್ಜಿ ಕೊಡಬಹುದು. ಐದು ಮತ್ತು ಹದಿನೈದು ವಯಸ್ಸು ದಾಟಿದ ಮಕ್ಕಳ ಬೆರಳಚ್ಚನ್ನೂ ಅದೇ ದಿನ ಮಾಡಿಸು, ಅದು ಹೇಗೂ ಕಡ್ಡಾಯ.

ಇನ್ನು ಊಟ. ಎಲ್ಲರೂ ಬಂದ ದಿನ ನಿನ್ನ ಶಾಲೆಗೆ ಎಷ್ಟು ಅಕ್ಕಿ ಬೇಕು ಗೊತ್ತಾ? ಐದನೇ ತರಗತಿವರೆಗೆ ಮಗುವಿಗೆ 100 ಗ್ರಾಂ, ಅದರ ಮೇಲೆ 150. ಅಂದರೆ 8.1 ಮತ್ತು 5.55, ಒಟ್ಟು 13.65 ಕೆ.ಜಿ. ಬೇಳೆ 20 ಮತ್ತು 30 ಗ್ರಾಂ ಲೆಕ್ಕದಲ್ಲಿ 2.73 ಕೆ.ಜಿ. ಹಾಲಿನ ಪುಡಿ ತಲಾ 18 ಗ್ರಾಂ, 2 ಕೆ.ಜಿ.ಗೆ ಸ್ವಲ್ಪ ಮೇಲೆ. ಇದನ್ನು ದಿನವೂ ಹಾಜರಾತಿ ನೋಡಿ ಅಳೆದು ಕೊಟ್ಟು, ದಾಸ್ತಾನು ವಹಿಯಲ್ಲಿ ಬರೆಯುವುದು ಮುಖ್ಯ ಶಿಕ್ಷಕಿ. ಒಂದು ಮೂಟೆ ಕಡಿಮೆ ಬಿದ್ದರೆ ನೋಟಿಸ್ ಬರುವುದೂ ಅವರಿಗೇ.

ಅದರಲ್ಲಿ ಮೊಟ್ಟೆಯದು ಇನ್ನೊಂದು ಕತೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ 2024ರಲ್ಲಿ ವಾರಕ್ಕೆ ಎರಡಿದ್ದ ಮೊಟ್ಟೆ ಆರಾಯಿತು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಮೊಟ್ಟೆಗೆ ಸಿಗುವುದು ಎಲ್ಲಾ ಸೇರಿ 6 ರೂಪಾಯಿ, ಬೇಯಿಸಿ ಸುಲಿಯುವ ಖರ್ಚೂ ಅದರೊಳಗೇ. ಚಳಿಗಾಲದಲ್ಲಿ ಅಂಗಡಿಯಲ್ಲಿ ಒಂದಕ್ಕೆ 7 ರೂಪಾಯಿ ಆದಾಗ? 118ರಲ್ಲಿ 95 ಮಕ್ಕಳು ಮೊಟ್ಟೆ ತಿನ್ನುತ್ತಾರೆ ಅಂತ ಇಟ್ಟುಕೋ. ಒಂದೇ ರೂಪಾಯಿ ಕಡಿಮೆ ಬಿದ್ದರೂ ವಾರಕ್ಕೆ 570, ತಿಂಗಳಿಗೆ ಎರಡು ಸಾವಿರದ ಮೇಲೆ. ಅದನ್ನು ತುಂಬುವವರು ಯಾರು? ಹೆಚ್ಚಿನ ಶಾಲೆಗಳಲ್ಲಿ ಮುಖ್ಯ ಶಿಕ್ಷಕರ ಜೇಬು. ತುಂಬದೆ ಮೊಟ್ಟೆ ಕಡಿಮೆ ಮಾಡಿದರೆ "ಮಕ್ಕಳ ಮೊಟ್ಟೆ ನುಂಗಿದರು" ಅಂತ ವಾಟ್ಸಾಪಿನಲ್ಲಿ ಬರುತ್ತದೆ. ಈ ಒಂದು ಕೆಲಸವನ್ನು ಎಸ್‌ಡಿಎಂಸಿ ತನ್ನ ಕೈಗೆ ತೆಗೆದುಕೊಂಡರೆ ಮೇಡಂ ಅರ್ಧ ಉಸಿರು ಬಿಡುತ್ತಾರೆ. ಇಬ್ಬರು ಸದಸ್ಯರು ವಾರಕ್ಕೊಮ್ಮೆ ಸಗಟು ಅಂಗಡಿಯಿಂದ ಟ್ರೇ ಲೆಕ್ಕದಲ್ಲಿ ತನ್ನಿ, ಬಿಲ್ಲು ಕಡತಕ್ಕೆ ಹಾಕಿ, ಬಂದ ಮೊಟ್ಟೆ, ಒಡೆದದ್ದು, ಕೊಟ್ಟದ್ದು ಅಂತ ಗೋಡೆಯ ಮೇಲೆ ಬರೆದು ಹಾಕಿ. ಮೊಟ್ಟೆಯ ಜಗಳ ಬಹುಮಟ್ಟಿಗೆ ಲೆಕ್ಕ ಕಾಣದೆ ಹುಟ್ಟುವಂಥದ್ದು.

ನಿನ್ನ ಎರಡನೇ ಸಿಟ್ಟು, ಎರಡನೇ ತರಗತಿ ಮಗುವಿಗೆ ಓದಲು ಬರುವುದಿಲ್ಲ ಅನ್ನುವುದು. ಈ ಸಿಟ್ಟು ನ್ಯಾಯವಾದದ್ದು. ಯಾಕೆ ಹಾಗಾಗುತ್ತದೆ ಅಂತ ನೋಡು. ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗಿನಿಂದ ಅದರ ಜೀವ ಇರುವುದು ತಟ್ಟೆಗಳಲ್ಲಿ, ಅಂದರೆ ಮಕ್ಕಳು ಕೂರುವ ಗುಂಪುಗಳಲ್ಲಿ. ಕೆಲವು ಮಕ್ಕಳು ಶಿಕ್ಷಕರ ಪೂರ್ಣ ಸಹಾಯದ ತಟ್ಟೆಯಲ್ಲಿ, ಕೆಲವರು ಭಾಗಶಃ ಸಹಾಯದಲ್ಲಿ, ಕೆಲವರು ಜೊತೆಯ ಮಕ್ಕಳ ಸಹಾಯದಲ್ಲಿ, ಕೊನೆಯವರು ಸ್ವಂತವಾಗಿ ಕಲಿಯುತ್ತಾರೆ. ಹೊಸ ಅಕ್ಷರ, ಹೊಸ ಲೆಕ್ಕ ಬರುವುದೆಲ್ಲ ಮೊದಲನೇ ತಟ್ಟೆಯಲ್ಲಿ. ಅಲ್ಲಿ ಶಿಕ್ಷಕಿ ನೆಲದ ಮೇಲೆ ಮಕ್ಕಳ ಜೊತೆ ಕೂತಿರಲೇಬೇಕು. ನಿನ್ನ ಶಾಲೆಯಲ್ಲಿ ನಲಿ-ಕಲಿ ಮೇಡಮ್ಮೇ ಪ್ರಭಾರ ಮುಖ್ಯ ಶಿಕ್ಷಕಿ. ಫೋನ್ ಬಂತು, ಎದ್ದರು. ಗ್ಯಾಸ್ ಬಂತು, ಎದ್ದರು. ಶಾಲೆ ನೋಡಲು ಇಲಾಖೆಯ ಸಿಆರ್‌ಪಿ ಬಂದರು, ಎದ್ದರು. ಸ್ವಂತವಾಗಿ ಕಲಿಯುವ ತಟ್ಟೆಯ ಮಕ್ಕಳು ಹೇಗೋ ಕಾರ್ಡು ಮುಗಿಸುತ್ತಾರೆ, ಮೊದಲ ತಟ್ಟೆಯ ಮಗು ಅದೇ ಕಾರ್ಡು ಹಿಡಿದು ಕೂತಿರುತ್ತದೆ. ವರ್ಷದ ಕೊನೆಗೆ ಬುದ್ಧಿವಂತ ಮಕ್ಕಳು ಮುಂದೆ ಹೋಗಿರುತ್ತಾರೆ, ಸಹಾಯ ಬೇಕಿದ್ದ ಮಗು ಅಲ್ಲೇ ಉಳಿದಿರುತ್ತದೆ. ಅದು ಬಹುಮಟ್ಟಿಗೆ ಮನೆಯಲ್ಲಿ ಹೇಳಿಕೊಡುವವರಿಲ್ಲದ ಮನೆಯ ಮಗುವೇ ಆಗಿರುತ್ತದೆ.

ಹಾಗಾಗಿ ಪ್ರಭಾರ ಬದಲಾಯಿಸಲು ಸಾಧ್ಯವೇ ಅಂತ ಕೇಳು. ಇಬ್ಬರೇ ಇದ್ದಾಗ ಪ್ರಭಾರ ಸಾಮಾನ್ಯವಾಗಿ ಹಿರಿಯರ ಹೆಗಲಿಗೆ ಬೀಳುತ್ತದೆ. ಅದು ಸಾಧ್ಯವಿಲ್ಲವೆಂದರೆ ನಲಿ-ಕಲಿ ಕೋಣೆಯನ್ನು ಇನ್ನೊಬ್ಬ ಶಿಕ್ಷಕರಿಗೆ ಕೊಟ್ಟು, ಮುಖ್ಯ ಶಿಕ್ಷಕಿ ದೊಡ್ಡ ತರಗತಿ ತೆಗೆದುಕೊಳ್ಳಲಿ. ಏಳನೇ ತರಗತಿ ಮಕ್ಕಳು ಇಪ್ಪತ್ತು ನಿಮಿಷ ಲೆಕ್ಕ ಬಿಡಿಸುತ್ತಾ ಕೂರಬಲ್ಲರು, ಒಂದನೇ ತರಗತಿಯವರು ಕೂರಲಾರರು. ವೇಳಾಪಟ್ಟಿಯಲ್ಲಿ ಕನ್ನಡ ಮತ್ತು ಗಣಿತ ಬೆಳಗಿನ ಮೊದಲ ಮೂರು ಅವಧಿಯಲ್ಲಿರಲಿ, ಆ ಹೊತ್ತಿನಲ್ಲಿ ಯಾವ ಪೋಷಕರೂ ಒಳಗೆ ಬರುವುದು ಬೇಡ ಅಂತ ನೀನೇ ಠರಾವು ಮಾಡಿಸು. ಟಿಸಿ ಬೇಕು, ವ್ಯಾಸಂಗ ಪತ್ರ ಬೇಕು ಅನ್ನುವವರೆಲ್ಲ ಮಧ್ಯಾಹ್ನ ಮೂರರ ಮೇಲೆ ಬರಲಿ. ಊರಿನಲ್ಲಿ ಡಿಗ್ರಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಗಳೊಬ್ಬಳು ದಿನಕ್ಕೊಂದು ಗಂಟೆ ಕತೆಪುಸ್ತಕ ಓದಿಸಲು ಬಂದರೆ ಒಳ್ಳೆಯದೇ. ಆದರೆ ಅದನ್ನು ಶಿಕ್ಷಕರ ಬದಲಿ ಅಂತ ಯಾವ ಕಾಗದದಲ್ಲೂ ಬರೆಯಬೇಡ. ಬರೆದರೆ ನಾಳೆ "ನಿಮ್ಮಲ್ಲಿ ವ್ಯವಸ್ಥೆ ಇದೆಯಲ್ಲ" ಅಂತ ಹುದ್ದೆ ಕೇಳುವ ಬಾಯಿ ಮುಚ್ಚಿಸುತ್ತಾರೆ.

ಹುದ್ದೆ ಖಾಲಿಯಾಗುವುದು ಹೇಗೆ ಅಂತ ಊರಿನವರಿಗೆ ಗೊತ್ತಿಲ್ಲ, "ಮೇಷ್ಟ್ರಿಗೆ ಹಳ್ಳಿ ಬೇಡ, ಪಟ್ಟಣ ಬೇಕು" ಅನ್ನುತ್ತಾರೆ. ಅದೂ ಒಂದು ಪಾಲು ನಿಜ, ವರ್ಗಾವಣೆ ಕೌನ್ಸೆಲಿಂಗ್ ಬಂದಾಗಲೆಲ್ಲ ಬಸ್ಸಿಲ್ಲದ ಊರು ಬರಿದಾಗುತ್ತದೆ. ಆದರೆ ದೊಡ್ಡ ಕಾರಣ ಬೇರೆ. ಅರವತ್ತು ತುಂಬಿದವರು ಪ್ರತಿ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಲೇ ಇರುತ್ತಾರೆ, ನೇಮಕ ಮಾತ್ರ ಹಲವು ವರ್ಷಕ್ಕೊಮ್ಮೆ. ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಶಿಕ್ಷಕರ ನೇಮಕಕ್ಕೆ 2022ರ ಮೇ ತಿಂಗಳಲ್ಲಿ ಪರೀಕ್ಷೆ ನಡೆಯಿತು. ಮದುವೆಯಾದ ಅಭ್ಯರ್ಥಿ ತಂದೆಯ ಜಾತಿ-ಆದಾಯ ಪತ್ರ ಕೊಡಬೇಕೋ ಗಂಡನದೋ ಅನ್ನುವ ಪ್ರಶ್ನೆ ಹೈಕೋರ್ಟಿಗೆ ಹೋಗಿ, ಕೈಗೆ ಆದೇಶ ಸಿಗುವ ಹೊತ್ತಿಗೆ 2023 ಮುಗಿಯುತ್ತಾ ಬಂದಿತ್ತು. ಇದರ ಜೊತೆಗೆ 2017ರ ವೃಂದ ಮತ್ತು ನೇಮಕಾತಿ ನಿಯಮ. ಮೊದಲು ಒಂದರಿಂದ ಏಳರವರೆಗೆ ಕಲಿಸಲೆಂದೇ ನೇಮಕವಾದವರನ್ನು ಅದು ಒಂದರಿಂದ ಐದರ ಶಿಕ್ಷಕರು ಅಂತ ಕರೆಯಿತು. ಡಿಗ್ರಿ ಇರುವ ಹಿರಿಯರು ಕಾಗದದಲ್ಲಿ ಐದನೇ ತರಗತಿಯವರು, ಕೆಲಸದಲ್ಲಿ ಏಳನೇ ತರಗತಿಯವರು. ಅವರ ಬೇಸರ ನಿನಗೆ ತರಗತಿಯ ಬಾಗಿಲಲ್ಲಿ ಕಾಣುವುದಿಲ್ಲ. 2024ರಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸೇರಿದವರ ಮುಖ್ಯ ಬೇಡಿಕೆ ಇದೇ ಆಗಿತ್ತು. ನಿನ್ನ ಶಾಲೆಯೊಂದೇ ಹೀಗೆ ಅಂದುಕೊಳ್ಳಬೇಡ: 2024-25ರ ಯುಡೈಸ್ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು 7,349.

ಇದ್ದವರನ್ನೂ ಶಾಲೆಯಿಂದ ಆಚೆ ಎಳೆಯುವ ಕೆಲಸ ಇನ್ನೊಂದು ಕಡೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಪ್ರಕಾರ ಪಾಠ ಬಿಟ್ಟು ಶಿಕ್ಷಕರನ್ನು ಬಳಸಬಹುದಾದದ್ದು ಮೂರಕ್ಕೆ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. 2025ರಲ್ಲಿ ಮೇ ತಿಂಗಳಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಸಮೀಕ್ಷೆ, ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ. ಎರಡಕ್ಕೂ ಗಣತಿದಾರರು ಮೇಷ್ಟ್ರುಗಳೇ. ಮನೆ ಹುಡುಕುವುದಕ್ಕೆ ವಿದ್ಯುತ್ ಮೀಟರಿನ ಆರ್‌ಆರ್ ಸಂಖ್ಯೆ ಹಿಡಿದು ಅಲೆದಾಟ, ಆ್ಯಪ್‌ಗೆ ನೆಟ್‌ವರ್ಕ್ ಸಿಗದೆ ಪರದಾಟ, ಮನೆಗೆ ಅರವತ್ತು ಪ್ರಶ್ನೆ. ಮುಗಿಯದೆ ದಸರೆ ರಜೆಯನ್ನು ಅಕ್ಟೋಬರ್ 18ರವರೆಗೆ ಹಿಗ್ಗಿಸಿದರು. ರಜೆ ಮಕ್ಕಳಿಗೆ ಸಿಕ್ಕಿತು, ಕಲಿಸುವವರಿಗೆ ಸಿಗಲಿಲ್ಲ. ಸಮೀಕ್ಷೆ ಬೇಕೋ ಬೇಡವೋ ಅನ್ನುವುದು ಬೇರೆ ಮಾತು. ದಣಿದು ಬಂದವರ ಮುಂದೆ ಹೋದ ದಿನಗಳ ಪಾಠ ಸರಿದೂಗಿಸುವ ಹೊರೆ ಕಾದಿತ್ತು ಅನ್ನುವುದಷ್ಟೇ ನನ್ನ ಮಾತು.

ಈಗ ಬೀಗದ ವಿಷಯ. ಹುದ್ದೆಗಳ ಲೆಕ್ಕ ನಿಂತಿರುವುದು ಮಕ್ಕಳ ಸಂಖ್ಯೆಯ ಮೇಲೆ, ಅದೂ ಎಸ್‌ಎಟಿಎಸ್‌ನಲ್ಲಿ ಕಾಣುವ ಸಂಖ್ಯೆಯ ಮೇಲೆ. ಕಾಯ್ದೆಯ ಅನುಸೂಚಿಯಲ್ಲಿ ಐದನೇ ತರಗತಿವರೆಗೆ 61ರಿಂದ 90 ಮಕ್ಕಳಿಗೆ 3 ಶಿಕ್ಷಕರು, 60ರವರೆಗೆ 2. ನಿನ್ನಲ್ಲಿ 81 ಇದ್ದಾರೆ. ಬೀಗ ಬಿತ್ತು, ಟಿವಿಯಲ್ಲಿ ಬಂತು, "ಆ ಶಾಲೆ ಮುಗೀತು" ಅಂತ ಸುದ್ದಿಯಾಯಿತು ಅನ್ನು. ಮಾರನೇ ವಾರವೇ ಖಾಸಗಿ ಶಾಲೆಯ ವ್ಯಾನು ಊರ ಬಾಗಿಲಿಗೆ ಬರುತ್ತದೆ. 21 ಮಕ್ಕಳು ಟಿಸಿ ತೆಗೆದುಕೊಂಡರೆ ಸಾಕು, 81 ಹೋಗಿ 60. ಮುಂದಿನ ಮರುಹೊಂದಾಣಿಕೆಯಲ್ಲಿ ನಿನ್ನ ಶಾಲೆಯಲ್ಲಿ ಇರುವವರೇ "ಹೆಚ್ಚುವರಿ" ಅನ್ನಿಸಿಕೊಂಡು ಬೇರೆಡೆ ಹೋಗುತ್ತಾರೆ. ವ್ಯಾನಿಗೆ ದುಡ್ಡು ಕೊಡಲಾಗದ ಮನೆಯ ಮಕ್ಕಳು ಮಾತ್ರ ಉಳಿಯುತ್ತಾರೆ. ಹೀಗಾದ ಶಾಲೆಗಳು ನಿನ್ನ ತಾಲ್ಲೂಕಿನಲ್ಲೇ ಸಿಗುತ್ತವೆ, ಹುಡುಕಿ ನೋಡು.

ಹೊಡೆತದ ವಿಚಾರವನ್ನೂ ಬರೆದಿದ್ದೀಯ, ಅದನ್ನು ಮುಚ್ಚಿಡುವುದು ಬೇಡ. ಮಕ್ಕಳನ್ನು ಹೊಡೆಯುವುದು, ಹೀಯಾಳಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂನಲ್ಲಿ ನಿಷಿದ್ಧ. ದಣಿದಿದ್ದರು ಅನ್ನುವುದು ಅದಕ್ಕೆ ಸಮಜಾಯಿಷಿ ಆಗುವುದಿಲ್ಲ. ಆದರೆ ಹತ್ತು ಜನ ಒಟ್ಟಿಗೆ ನುಗ್ಗಿ ಕಾಲರ್ ಹಿಡಿದರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ ಕೆಳಗೆ ನಿಮ್ಮ ಮೇಲೇ ಕೇಸು ಬೀಳುತ್ತದೆ, ಮಗುವಿನ ದೂರು ಮೂಲೆಗೆ ಸರಿಯುತ್ತದೆ. ಪೋಷಕರಿಂದ ಬರವಣಿಗೆಯಲ್ಲಿ ದೂರು ತೆಗೆದುಕೋ: ಯಾವ ದಿನ, ಯಾವ ಅವಧಿ, ಏನಾಯಿತು, ಯಾರು ನೋಡಿದರು. ಮಗುವನ್ನು ಶಿಕ್ಷಕರ ಎದುರು ನಿಲ್ಲಿಸಿ ಕೇಳಬೇಡ, ತಾಯಿಯ ಜೊತೆ ಬೇರೆಯಾಗಿ ಕೇಳು. ಶಿಕ್ಷಕರ ಉತ್ತರವನ್ನೂ ಬರವಣಿಗೆಯಲ್ಲಿ ಪಡೆದು ಎರಡನ್ನೂ ಬಿಇಒಗೆ ಕಳಿಸು. ಎಲ್ಲರೆದುರು ಕ್ಷಮೆ ಕೇಳಿಸುವುದು, ಕಾಲಿಗೆ ಬೀಳಿಸುವುದು, ಇವೆಲ್ಲ ಬೇಡ. ಆಮೇಲೆ ಆ ತರಗತಿಯಲ್ಲಿ ಪಾಠ ನಡೆಯುವುದಿಲ್ಲ.

ವಾಟ್ಸಾಪ್ ಗುಂಪಿಗೂ ಒಂದು ಕಟ್ಟು ಹಾಕು. ಶಾಲೆಯ ಗುಂಪಿನಲ್ಲಿ ಸೂಚನೆ ಮಾತ್ರ ಬರಲಿ, ಸಂಜೆ ಏಳರ ಮೇಲೆ ಶಿಕ್ಷಕರಿಗೆ ಫೋನ್ ಬೇಡ, ಮಕ್ಕಳ ಮುಖ ಕಾಣುವ ವಿಡಿಯೊ ಯಾರೂ ಹಾಕಬಾರದು. ನೀನು ಕಳಿಸಿದ್ದನ್ನೂ ಅಳಿಸು, ಬೇಜಾರು ಮಾಡಿಕೊಳ್ಳಬೇಡ. ದೂರು ಇದ್ದವರು ತಿಂಗಳಿಗೊಮ್ಮೆ ಸಭೆಗೆ ಬರಲಿ. ಪೋಷಕರ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಕೆ ತಿಳಿಸುವುದು ಕಾಯ್ದೆಯ 24ನೇ ಕಲಂನಲ್ಲಿ ಶಿಕ್ಷಕರ ಕರ್ತವ್ಯವೇ. ಹಾಗಾಗಿ ನೀನು ಕೇಳುತ್ತಿರುವುದು ಉಪಕಾರವೇನಲ್ಲ.

ದಣಿವು ಹೇಗೆ ಕಾಣುತ್ತದೆ ಅಂತ ನೀನು ಕೇಳಿದ್ದೆ. ರಜೆ ಹಾಕಿದರೆ ಇನ್ನೊಬ್ಬರ ಮೇಲೆ ಐದು ಕೋಣೆ ಬೀಳುತ್ತದೆ ಅಂತ ಜ್ವರದಲ್ಲೂ ಬರುತ್ತಾರೆ, ಆಮೇಲೆ ಒಮ್ಮೆಲೇ ತಿಂಗಳುಗಟ್ಟಲೆ ವೈದ್ಯಕೀಯ ರಜೆ. ಎರಡು ಕೋಣೆಗೆ ಕೇಳುವಂತೆ ಕೂಗಿ ಕೂಗಿ ಗಂಟಲು ಕಟ್ಟಿರುತ್ತದೆ. ಮಕ್ಕಳಿಗೆ ಬಡಿಸಿ ಮುಗಿಯುವಷ್ಟರಲ್ಲಿ ಗಂಟೆ ಹೊಡೆದು ಊಟ ಹಾಗೇ ಉಳಿದಿರುತ್ತದೆ. ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯ ಗುರುತು ಮೊದಲು ಪ್ರತಿ ಸಾಲಿಗೆ, ಆಮೇಲೆ ಪುಟದ ಕೊನೆಗೊಂದು ಸಹಿ, ಆಮೇಲೆ ಅದೂ ಇಲ್ಲ. ಬಹಳ ಮಂದಿ ಅದನ್ನು ಸೋಮಾರಿತನ ಅಂದುಕೊಳ್ಳುತ್ತಾರೆ. ಹಾಗಂತ ಸೋಮಾರಿಗಳೇ ಇಲ್ಲ ಅಂತಲ್ಲ. ಗುರುತಿಸುವುದಕ್ಕೆ ನನ್ನ ಅಂದಾಜು ಇಷ್ಟು: ದಣಿದವರ ಹಳೆಯ ನೋಟ್‌ಬುಕ್ಕುಗಳು ಚೆನ್ನಾಗಿರುತ್ತವೆ. ಎರಡು ವರ್ಷದ ಹಿಂದಿನ ಮಕ್ಕಳ ಪುಸ್ತಕ ತರಿಸಿ ನೋಡು.

ಸೋಮವಾರಕ್ಕೆ ಏನು ಮಾಡಬೇಕು ಅಂತ ಹೇಳುತ್ತೇನೆ. ನಾಳೆಯೇ ತುರ್ತು ಸಭೆ ಕರೆ. ಮೇಡಂ ಸದಸ್ಯ ಕಾರ್ಯದರ್ಶಿ, ಅವರಿಂದಲೇ ಮೂರು ಹಾಳೆ ಕೇಳಿ ತೆಗೆದುಕೋ: ಎಸ್‌ಎಟಿಎಸ್‌ನ ತರಗತಿವಾರು ಮಕ್ಕಳ ಪಟ್ಟಿ, ಮಂಜೂರಾದ, ಕಾರ್ಯನಿರತ ಮತ್ತು ಖಾಲಿ ಹುದ್ದೆಯ ವಿವರ, ನಿಯೋಜನೆ ಆದೇಶದ ಪ್ರತಿ. ಆ ಮೂರನೇ ಹಾಳೆಯೇ ಎಲ್ಲಕ್ಕಿಂತ ಮುಖ್ಯ. ನಿಯೋಜನೆ ಮೇಲೆ ಹೋದವರ ಸಂಬಳ ನಿನ್ನ ಶಾಲೆಯ ಹುದ್ದೆಯಲ್ಲೇ ಆಗುತ್ತಿರುತ್ತದೆ. ಕಾಗದದ ಮೇಲೆ ಆ ಹುದ್ದೆ ತುಂಬಿದೆ, ಆದ್ದರಿಂದ ಅದಕ್ಕೆ ಅತಿಥಿ ಶಿಕ್ಷಕರೂ ಸಿಗುವುದಿಲ್ಲ. ಅವರು ಕಚೇರಿ ಕೆಲಸಕ್ಕೆ ಹೋಗಿದ್ದರೆ ವಾಪಸು ಕರೆಸಿ ಅಂತ ಗಟ್ಟಿಯಾಗಿ ಕೇಳು. ಶಿಕ್ಷಕರೇ ಇಲ್ಲದ ಇನ್ನೊಂದು ಊರಿನ ಶಾಲೆಗೆ ಹೋಗಿದ್ದರೆ ಅವರನ್ನು ಎಳೆದುಕೊಂಡು ಬರುವುದು ಸರಿಯಲ್ಲ. ಆ ಊರಿನ ಎಸ್‌ಡಿಎಂಸಿ ಅಧ್ಯಕ್ಷನಿಗೆ ಇವತ್ತೇ ಫೋನ್ ಮಾಡು, ಇಬ್ಬರೂ ಒಟ್ಟಿಗೆ ಹೋಗಿ.

ಖಾಲಿ ಇರುವ ಎರಡು ಹುದ್ದೆಗೆ ಅತಿಥಿ ಶಿಕ್ಷಕರನ್ನು ಕೇಳು. 2025-26ರ ಬಜೆಟ್ಟಿನಲ್ಲಿ ಎರಡು ಸಾವಿರ ಏರಿದ ಮೇಲೆ ಪ್ರಾಥಮಿಕಕ್ಕೆ ತಿಂಗಳ ಗೌರವಧನ 12,000. ಬರುವವರು ಬಸ್ಸಿನಲ್ಲಿ ಬರಬೇಕಾದರೆ ಅದರಲ್ಲೊಂದು ಪಾಲು ಹೋಯಿತು, ದುಡ್ಡು ತಡವಾದರೆ ಅಕ್ಟೋಬರ್ ಹೊತ್ತಿಗೆ ಬಿಟ್ಟು ಹೋಗುತ್ತಾರೆ. ಆದ್ದರಿಂದ ಊರಿನಲ್ಲೋ ಪಕ್ಕದ ಊರಿನಲ್ಲೋ ಇರುವ, ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಆದವರಿಗೆ ಮೊದಲೇ ಹೇಳಿಡು, ತಿಂಗಳ ಕೊನೆಗೆ ಅವರ ಹಾಜರಾತಿ ಬಿಇಒ ಕಚೇರಿ ತಲುಪಿತೇ ಅಂತ ನೀನೇ ವಿಚಾರಿಸು.

ಬಿಇಒಗೆ ಕೊಡುವ ಅರ್ಜಿ ಉದ್ದ ಬೇಡ. ಹೀಗೆ ಬರೆ:

"ನಮ್ಮ ಶಾಲೆಯಲ್ಲಿ 118 ಮಕ್ಕಳು, ಮಂಜೂರಾದ ಹುದ್ದೆ 5. ಖಾಲಿ 2, ನಿಯೋಜನೆ 1. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ 2009ರ 26ನೇ ಕಲಂ ಪ್ರಕಾರ ಖಾಲಿ ಹುದ್ದೆ ಶೇ 10 ಮೀರುವಂತಿಲ್ಲ, ನಮ್ಮಲ್ಲಿ ಶೇ 40 ಇದೆ. ವಾರದ 225 ಅವಧಿಗಳಲ್ಲಿ 135 ಅವಧಿಗೆ ಶಿಕ್ಷಕರಿಲ್ಲ. ನಿಯೋಜನೆ ರದ್ದುಪಡಿಸಿ ಮೂಲ ಶಾಲೆಗೆ ಕಳಿಸಬೇಕು, ಖಾಲಿ ಎರಡು ಹುದ್ದೆಗೆ ಅತಿಥಿ ಶಿಕ್ಷಕರನ್ನು ಮಂಜೂರು ಮಾಡಬೇಕು. ಇದನ್ನು ಕಾಯ್ದೆಯ 32ನೇ ಕಲಂ ಕೆಳಗಿನ ದೂರು ಎಂದು ಪರಿಗಣಿಸಬೇಕು."

ಐದು ಹುದ್ದೆಯ ಶಾಲೆಯಲ್ಲಿ ಒಂದು ಖಾಲಿ ಇದ್ದರೂ ಶೇ 20, ಅಂದರೆ 26ನೇ ಕಲಂ ಪ್ರಕಾರ ನಿನ್ನಲ್ಲಿ ಒಂದೂ ಖಾಲಿ ಇರುವಂತಿಲ್ಲ. ಕೊನೆಯ ಸಾಲನ್ನು ಬಿಡಬೇಡ. 32ನೇ ಕಲಂ ಅಂದರೆ ಮೂರು ತಿಂಗಳೊಳಗೆ ತೀರ್ಮಾನ ಕೊಡಲೇಬೇಕು, ಕೊಡದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಹೋಗಬಹುದು. ಜೊತೆಗೆ ಮಾಹಿತಿ ಹಕ್ಕಿನಲ್ಲೊಂದು ಅರ್ಜಿ ಹಾಕು, ತಾಲ್ಲೂಕಿನಲ್ಲಿ ನಿಯೋಜನೆ ಮೇಲಿರುವ ಎಲ್ಲ ಪ್ರಾಥಮಿಕ ಶಿಕ್ಷಕರ ಪಟ್ಟಿ ಮತ್ತು ಆದೇಶದ ಪ್ರತಿ ಕೇಳು. ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದದೊಳಗೆ, ಉತ್ತರಕ್ಕೆ 30 ದಿನ. ಪಟ್ಟಿ ಕೇಳಿದ್ದಾರೆ ಅನ್ನುವ ಸುದ್ದಿಗೇ ಕೆಲವು ನಿಯೋಜನೆಗಳು ತಾವಾಗಿ ರದ್ದಾಗುವುದುಂಟು.

ಹೋಗುವಾಗ ಇಪ್ಪತ್ತು ಜನ ಬೇಡ, ಐದು ಜನ ಸಾಕು, ಅದರಲ್ಲಿ ಮೂವರು ತಾಯಂದಿರು. ಮೇಡಂ ಜೊತೆಗೆ ಬರುವುದು ಬೇಡ, ಅವರಿಗೆ ಆಮೇಲೆ ತೊಂದರೆ. ಆದರೆ ಅರ್ಜಿ ಕೊಡುತ್ತಿರುವುದು ಅವರ ವಿರುದ್ಧ ಅಲ್ಲ ಅಂತ ಭಾನುವಾರವೇ ಅವರ ಮನೆಗೆ ಹೋಗಿ ಹೇಳಿ ಬಾ. ಅರ್ಜಿಯನ್ನು ಎರಡು ಪ್ರತಿ ಮಾಡಿಸು. ಒಂದನ್ನು ಟಪಾಲಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಂಡೇ ಎದ್ದು ಬಾ. "ಸಾಹೇಬ್ರು ಮೀಟಿಂಗಿಗೆ ಹೋಗಿದಾರೆ, ನಾಳೆ ಬನ್ನಿ" ಅಂದರೂ ಸೀಲು ಹಾಕಲು ಸಾಹೇಬರು ಬೇಕಾಗಿಲ್ಲ.

ಸೀಲು ಬಿದ್ದ ಪ್ರತಿಯ ಫೋಟೊ ನನಗೊಂದು ಕಳಿಸು.

ನಿನ್ನ,
ಹಳೇ ಗೆಳೆಯ